ಸಾಲಿನಲ್ಲಿ ಎಡದಿಂದ ನಾಲ್ಕನೆಯವಳು

ಬಾಸೆಲ್ ನಗರದ ಹಳೆಯ ಕೋಟೆಬಾಗಿಲು ಸ್ಪಾಲೆನ್‌ಟೋರ್. ಅದರ ಎರಡು ದುಂಡು ಗೋಪುರಗಳ ನಡುವೆ ನುಸುಳಿ ಊರಿನ ಹೊರಮಗ್ಗುಲಿಗೆ ನಡೆದರೆ ಸಿಗುವ ರಸ್ತೆಗೆ ಮಿಶನ್ನಿನದೇ ಹೆಸರು: ಮಿಸಿಯೋನ್ಸ್‌ಸ್ಟ್ರಾಸೆ. ಅಲ್ಲಿನ 21ನೇ ನಂಬರಿನ ಕಟ್ಟಡದೊಳಗೆ ಮಂಗಳೂರು, ಮೂಲ್ಕಿ, ಉಡುಪಿ, ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಿಂದ ಹಡಗು ಹತ್ತಿ ಬಂದ ಕಾಗದಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಕೂತಿವೆ. ಮಂಗಳೂರಿನ ಜೆಪ್ಪುವಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಪಾಠ ಹೇಳಿ ನಿವೃತ್ತರಾದ ಶಿಕ್ಷಕಿಯೊಬ್ಬರು ಚಳಿಗಾಲದ ಒಂದು ಬೆಳಿಗ್ಗೆ ಆ ಬಾಗಿಲಿಗೆ ಬಂದರು. ಅವರ ಕೈಯಲ್ಲಿದ್ದದ್ದು ಒಂದು ನೋಟ್‌ಬುಕ್ಕು, ಸೀಸದ ಕಡ್ಡಿ, ಮನೆಯ ಬೈಬಲ್ಲಿನ ಮೊದಲ ಹಾಳೆಯ ಜೆರಾಕ್ಸ್ ಪ್ರತಿ. ಅವರಿಗೆ ಬೇಕಾಗಿದ್ದದ್ದು ಮುತ್ತಜ್ಜಿ. ತಾಯಿಯ ತಾಯಿಯ ತಾಯಿ.

ಕನ್ನಡಿಗರಿಗೆ ಬಾಸೆಲ್ ಮಿಶನ್ ಹೊಸ ಹೆಸರಲ್ಲ. 1815ರಲ್ಲಿ ಹುಟ್ಟಿದ ಈ ಸಂಸ್ಥೆಯ ಮೂವರು, ಹೆಬಿಕ್, ಲೇನರ್, ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಹೊರತಂದ ಹರ್ಮನ್ ಮೋಗ್ಲಿಂಗ್ ಇದೇ ಮಿಶನ್ನಿನವರು. 1865ರಲ್ಲಿ ಗೇಯೋರ್ಗ್ ಪ್ಲೆಬ್ಸ್ಟ್ ಆರಂಭಿಸಿದ ಹಂಚಿನ ಕಾರ್ಖಾನೆ, 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು, ಎರಡೂ ಅವರ ಲೆಕ್ಕದಲ್ಲೇ ಬರುತ್ತವೆ. ಶಾಲೆಯ ಪಠ್ಯದಲ್ಲಿ ಇಷ್ಟು ಓದಿ ಮುಗಿಸಿದವರಿಗೆ ಒಂದು ಮಾತು ಹೊಳೆಯುವುದಿಲ್ಲ. ಆ ಮೊಳೆ ಜೋಡಿಸಿದ, ಆ ಮಣ್ಣು ಕಲಸಿದ, ಆ ಹಂಚು ಸುಟ್ಟ ಜನ ಯಾರು? ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದು ಕರಾವಳಿಯಲ್ಲಿ, ಬೆಂಗಳೂರಿನಲ್ಲಿ, ಕೊಲ್ಲಿಯ ಊರುಗಳಲ್ಲಿ ಇದ್ದಾರೆ. ತಮ್ಮ ಹಿರಿಯರ ಹೆಸರು ಹುಡುಕಿಕೊಂಡು ಹೊರಟರೆ ಅವರು ಎರಡು ಖಂಡಗಳಲ್ಲಿ ಅಲೆಯಬೇಕಾಗುತ್ತದೆ.

ಹೊರಡುವಾಗ ಶಿಕ್ಷಕಿಗೆ ಮನೆಯಲ್ಲಿ ಸಿಕ್ಕ ಸಾಮಗ್ರಿ ಸ್ವಲ್ಪವೇ. ಬೈಬಲ್ಲಿನ ಮೊದಲ ಹಾಳೆಯಲ್ಲಿ ಮಕ್ಕಳು ಹುಟ್ಟಿದ ದಿನ, ಸತ್ತ ದಿನ, ಮದುವೆಯ ದಿನಗಳನ್ನು ಬರೆದಿಡುವುದು ಪ್ರೊಟೆಸ್ಟೆಂಟ್ ಮನೆಗಳ ರೂಢಿ. ಅಲ್ಲಿ ಮುತ್ತಜ್ಜನ ಕೈಬರಹ ಇದೆ, ಒಂಬತ್ತು ಮಕ್ಕಳ ಹೆಸರಿದೆ. ತನ್ನ ಹೆಂಡತಿಯ ಹೆಸರನ್ನು ಅವರು ಒಮ್ಮೆ ಮಾತ್ರ ಬರೆದಿದ್ದಾರೆ, ಮದುವೆಯ ಸಾಲಿನಲ್ಲಿ. ಆಕೆಯ ತಂದೆ ಯಾರು, ಊರು ಯಾವುದು ಎಂಬುದಿಲ್ಲ. ಇನ್ನೊಂದು, ಗಟ್ಟಿ ರಟ್ಟಿಗೆ ಅಂಟಿಸಿದ ಹಳದಿಗಟ್ಟಿದ ಫೋಟೋ. ಮುಪ್ಪಿನ ಹೆಂಗಸು ಕುರ್ಚಿಯಲ್ಲಿ ಕೂತಿದ್ದಾರೆ. ಮುಂಗೈವರೆಗೆ ತೋಳಿರುವ, ಕುತ್ತಿಗೆ ಮುಚ್ಚುವ ರವಕೆ, ಒಡವೆ ಇಲ್ಲ. ಮಿಕ್ಕದ್ದೆಲ್ಲ ಬಾಯಿಮಾತು: ಅವರು ಘಟ್ಟದ ಮೇಲಿನವರಂತೆ, ಬರಗಾಲದ ಮಗುವಂತೆ, ಅನಾಥಾಲಯದಲ್ಲಿ ಬೆಳೆದವರಂತೆ.

ಬಾಸೆಲ್ಲಿನ ಪತ್ರಾಗಾರದಲ್ಲಿ ಹುಡುಕುವ ಕ್ರಮ ತಿಳಿಯದೆ ಹೋದವರಿಗೆ ಮೊದಲಿಗೆ ದಿಕ್ಕು ತಪ್ಪುತ್ತದೆ. ಅಲ್ಲಿನ ಕಾಗದಗಳನ್ನು ಮನೆತನದ ಹೆಸರು ಹಿಡಿದು ಜೋಡಿಸಿಲ್ಲ. ಯಾವ ದೇಶ, ಯಾವ ಕಾಲ, ಯಾವ ಠಾಣೆ, ಬರೆದ ಮಿಶನರಿ ಯಾರು ಎಂಬುದೇ ದಾರಿ. ಪ್ರತಿ ಠಾಣೆಯ ಮಿಶನರಿ ತನ್ನ ಕೆಲಸದ ವರದಿಯನ್ನು ಬಾಸೆಲ್ಲಿಗೆ ಕಳಿಸುತ್ತಲೇ ಇರಬೇಕಿತ್ತು. ಸೆಮಿನರಿಯಲ್ಲಿ ಓದಿ ಹೊರಟ ಒಬ್ಬೊಬ್ಬ ಮಿಶನರಿಗೂ ಸಹೋದರರ ಪಟ್ಟಿಯಲ್ಲಿ ಒಂದು ಸಂಖ್ಯೆ; ಆ ಸಂಖ್ಯೆ ಹಿಡಿದರೆ ಆತನ ಹುಟ್ಟೂರು, ತಂದೆಯ ಕಸುಬು, ಮದುವೆ, ಕಾಯಿಲೆ, ಸಾವು ಎಲ್ಲ ಬಿಚ್ಚಿಕೊಳ್ಳುತ್ತವೆ. ಆತ ದೀಕ್ಷಾಸ್ನಾನ ಕೊಟ್ಟವರಿಗೆ ಅಂಥ ಸಂಖ್ಯೆ ಇಲ್ಲ. ಅವರನ್ನು ಹುಡುಕಬೇಕಾದದ್ದು ಅವನ ವಾಕ್ಯಗಳ ನಡುವೆ.

ಆ ವಾಕ್ಯಗಳಾದರೂ ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದಲ್ಲಿವೆ. ಚೂಪು ಚೂಪಾಗಿ ಏರಿಳಿಯುವ ಗೆರೆಗಳು. ಇಂದಿನ ಜರ್ಮನರಲ್ಲೂ ಹೆಚ್ಚಿನವರಿಗೆ ತರಬೇತಿ ಇಲ್ಲದೆ ಅದನ್ನು ಓದಲು ಬರುವುದಿಲ್ಲ. ಶಿಕ್ಷಕಿ ಬೆಂಗಳೂರಿನಲ್ಲೇ ಒಂದಿಷ್ಟು ಜರ್ಮನ್ ಕಲಿತು, ಕುರೆಂಟ್ ಅಕ್ಷರಮಾಲೆಯನ್ನು ಕಾಪಿ ಬರೆದು ತಯಾರಾಗಿದ್ದರು. ಆದರೂ ಮೊದಲ ಹಾಳೆ ಬಿಡಿಸಲು ಒಂದು ಹೊತ್ತೇ ಹಿಡಿಯಿತು. ಅಲ್ಲಿ ಅವರ ಕೈಹಿಡಿದದ್ದು ಊರ ಹೆಸರುಗಳು. ಪರಭಾಷೆಯ ಹೆಸರುಗಳನ್ನು ಎಷ್ಟೋ ಮಂದಿ ಬೇರೆ ಬಗೆಯ ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದರು. ಮುಳ್ಳುಬೇಲಿಯಂಥ ಸಾಲುಗಳ ನಡುವೆ ‘ಬೆಟಗೇರಿ’ ಎಂಬುದು ಒಮ್ಮೆಲೇ ಕಣ್ಣಿಗೆ ಬೀಳುತ್ತದೆ.

ಮಿಶನ್ನಿನ ಅಚ್ಚಾದ ವಾರ್ಷಿಕ ವರದಿಗಳಲ್ಲಿ ಅಂಕಿಅಂಶ ತುಂಬಿ ತುಳುಕುತ್ತದೆ: ಸಭೆಯ ಸದಸ್ಯರು ಎಷ್ಟು, ಮಕ್ಕಳು ಎಷ್ಟು, ಆ ವರ್ಷ ಸೇರಿದವರು ಎಷ್ಟು. ಹೆಸರು ಮಾತ್ರ ಅಪರೂಪ. ಇದಕ್ಕೆ ಕಾರಣವೂ ಇದೆ. ವರದಿ ಓದುತ್ತಿದ್ದವರು ವ್ಯೂರ್ಟೆಂಬರ್ಗಿನ, ಸ್ವಿಟ್ಜರ್ಲೆಂಡಿನ ರೈತರು, ಕುಶಲಕರ್ಮಿಗಳು, ವಿಧವೆಯರು. 1855ರಿಂದ ಅವರು ವಾರಕ್ಕೆ ಅರ್ಧ ಬಾಟ್ಸೆನ್ ಎಂಬ ಚಿಲ್ಲರೆ ಕಾಸನ್ನು ಮಿಶನ್ನಿಗಾಗಿ ಎತ್ತಿಡುತ್ತಿದ್ದರು. ತಮ್ಮ ಕಾಸು ಎಷ್ಟು ಜನರನ್ನು ಮುಟ್ಟಿತು ಎಂದು ತಿಳಿದರೆ ಅವರಿಗೆ ಸಾಕಿತ್ತು. ಆ ಬಡವರ ಉದಾರತೆ ದೊಡ್ಡದು, ಅದನ್ನು ಅಲ್ಲಗಳೆಯುವ ಮಾತೇ ಇಲ್ಲ. ಆದರೆ ಅದೇ ಕಾಗದದಲ್ಲಿ ತನ್ನ ಮುತ್ತಜ್ಜಿಯನ್ನು ಹುಡುಕುವವಳಿಗೆ ಆಕೆ ಒಂದು ಅಂಕೆಯ ಒಳಗೆ ಅಡಗಿದ್ದಾಳೆ ಎಂಬ ಅರಿವು ಎದೆ ಹಿಂಡುತ್ತದೆ.

ಹೆಸರು, ಮುಖ, ಪತ್ರ ಮೂರೂ ಉಳಿದಿರುವ ಭಾರತೀಯರು ಇಲ್ಲವೆಂದಲ್ಲ. ಆನಂದರಾವ್ ಕೌಂಡಿನ್ಯ ಅಂಥವರು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ 1844ರಲ್ಲಿ ಕ್ರೈಸ್ತನಾದಾಗ ಊರೇ ಕದಡಿಹೋಗಿತ್ತು. 1846ರಲ್ಲಿ ಮೋಗ್ಲಿಂಗರ ಜೊತೆ ಬಾಸೆಲ್ಲಿಗೆ ಹೋಗಿ, ಸೆಮಿನರಿಯಲ್ಲಿ ಓದಿ, 1851ರಲ್ಲಿ ದೀಕ್ಷೆ ಪಡೆದ ಮಿಶನರಿಯಾಗಿ ತಾಯ್ನಾಡಿಗೆ ಮರಳಿದರು. 1860ರಲ್ಲಿ ಅವರ ಎರಡನೆಯ ಮದುವೆ. ವಧು ಮಾರಿ ರೈನ್‌ಹಾರ್ಟ್, ಮದುವೆಗಾಗಿಯೇ ಹಡಗು ಹತ್ತಿ ಬಂದ ಜರ್ಮನ್ ಹೆಣ್ಣು. 1893ರಲ್ಲಿ ತೀರಿಕೊಳ್ಳುವವರೆಗಿನ ಅವರ ಬದುಕನ್ನು ಸಂಶೋಧಕರು ಪತ್ರ ಪತ್ರವಾಗಿ ಹಿಂಬಾಲಿಸಬಲ್ಲರು. ಜರ್ಮನ್ನಿನಲ್ಲಿ ಬರೆಯಬಲ್ಲ, ಬಾಸೆಲ್ಲಿನಲ್ಲೇ ಓದಿದ ಕೌಂಡಿನ್ಯರು ಬರೆಯುವವರ ಸಾಲಿಗೆ ಸೇರಿದ್ದರಿಂದ ಉಳಿದರು. ಮುತ್ತಜ್ಜಿ ಬರೆಸಿಕೊಂಡವರ ಸಾಲಿನವರು.

ಫೋಟೋಗಳ ಕಥೆ ಬೇರೆಯೇ.

ಮಿಶನ್ನಿನ ಸಂಗ್ರಹದಲ್ಲಿ ಆಫ್ರಿಕ, ಚೀನ, ಭಾರತಗಳ ಹತ್ತಾರು ಸಾವಿರ ಹಳೆಯ ಚಿತ್ರಗಳಿವೆ. ಪತ್ರಾಗಾರವನ್ನು ಬಹುಕಾಲ ನೋಡಿಕೊಂಡ ಇತಿಹಾಸಕಾರ ಪಾಲ್ ಜೆಂಕಿನ್ಸ್ ಮತ್ತು ಅವರ ಸಂಗಡಿಗರ ದುಡಿಮೆಯಿಂದ ಅವು ಪಟ್ಟಿಯಾದವು, ಸ್ಕ್ಯಾನ್ ಆದವು, ಈಗ ಯಾರು ಬೇಕಾದರೂ ಮನೆಯಲ್ಲೇ ಕೂತು ನೋಡಬಹುದು. ಶಿಕ್ಷಕಿಯ ಹುಡುಕಾಟ ಹೊತ್ತಿಕೊಂಡದ್ದೂ ಹಾಗೆಯೇ, ಬೆಂಗಳೂರಿನ ಮನೆಯ ಕಂಪ್ಯೂಟರಿನ ಮುಂದೆ. ಒಂದೊಂದೇ ಚಿತ್ರ ತೆರೆದು ನೋಡುತ್ತ ಹೋದಂತೆ ಗೊತ್ತಾಗುವ ಸಂಗತಿ ಇದು: ಮಧ್ಯದಲ್ಲಿ ಕೂತ ಗಡ್ಡದ ದೊರೆಯ ಹೆಸರು ಇರುತ್ತದೆ, ಪಕ್ಕದ ಅವನ ಹೆಂಡತಿಯದೂ ಇರುತ್ತದೆ. ಸುತ್ತ ನಿಂತವರ ಪಾಲಿಗೆ ಎಷ್ಟೋ ಕಡೆ ಕಸುಬಿನ ಹೆಸರೇ ಗತಿ: ಉಪದೇಶಿ, ಬೈಬಲ್ ಹೆಂಗಸು, ನೇಕಾರ, ಕ್ರೈಸ್ತ ಕುಟುಂಬ, ಅನಾಥ ಹುಡುಗಿಯರು.

ಅಂಥ ಹುಡುಗಿಯರ ಒಂದು ಗುಂಪಿನ ಚಿತ್ರದ ಮುಂದೆ ಅವರು ಬಹಳ ಹೊತ್ತು ಕೂತಿದ್ದರು. ಗಾಜಿನ ತಟ್ಟೆಯ ಕಾಲದ ಚಿತ್ರ, ಅಲುಗಾಡದೆ ನಿಲ್ಲಬೇಕಿತ್ತು. ಅಲುಗಿದ ಪುಟ್ಟ ಮಕ್ಕಳ ಮುಖ ಮಂಜಾಗಿದೆ. ದೊಡ್ಡ ಹುಡುಗಿಯರು ಉಸಿರು ಬಿಗಿಹಿಡಿದಂತೆ ನೆಟ್ಟಗೆ ನಿಂತಿದ್ದಾರೆ. ಹಿಂದಿನ ಸಾಲಿನಲ್ಲಿ ಎಡದಿಂದ ನಾಲ್ಕನೆಯವಳ ಅಗಲ ದವಡೆ, ಒಂದಕ್ಕೊಂದು ಹತ್ತಿರವಿರುವ ಹುಬ್ಬುಗಳು ಮನೆಯ ಫೋಟೋದ ಮುದುಕಿಯನ್ನು ಹೋಲುತ್ತಿದ್ದವು. ಶಿಕ್ಷಕಿಯ ತಂಗಿಗೂ ಅದೇ ಹುಬ್ಬು. ಹಾಗೆಂದು ಅವಳೇ ಮುತ್ತಜ್ಜಿ ಎನ್ನಲು ಬಂದೀತೇ? ಹೋಲಿಕೆ ಸಾಕ್ಷಿಯಲ್ಲ. ವಂಶ ಹುಡುಕುವವರನ್ನು ದಾರಿ ತಪ್ಪಿಸುವುದರಲ್ಲಿ ಫೋಟೋಕ್ಕಿಂತ ಸಿಹಿಯಾದ ಮೋಸಗಾರ ಇನ್ನಿಲ್ಲ. ಮನಸ್ಸು ಬಯಸಿದ ಮುಖವನ್ನೇ ಅದು ತೋರಿಸಿಬಿಡುತ್ತದೆ. ಅವರು ಚಿತ್ರದ ಸಂಖ್ಯೆ ಬರೆದುಕೊಂಡು, ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿಟ್ಟರು.

ಬಾಸೆಲ್ಲಿನ ಕೆಲಸ ಮುಗಿಸಿ ಅವರು ರೈಲು ಹತ್ತಿದ್ದು ಕಪ್ಪುಕಾಡಿನ ಕಡೆಗೆ. ಪ್ಫೋರ್ಟ್ಸ್‌ಹೈಮಿನಲ್ಲಿ ಗಾಡಿ ಬದಲಿಸಿದರೆ ನಾಗೋಲ್ಡ್ ಹೊಳೆಯ ಕಣಿವೆಯಲ್ಲಿ ಕಾಲ್ವ್ ಎಂಬ ಸಣ್ಣ ಊರು. ಸೇತುವೆಯ ಮೇಲೆ ಹರ್ಮನ್ ಹೆಸ್ಸೆಯ ಕಂಚಿನ ಪ್ರತಿಮೆ, ಟೋಪಿ ಕೈಯಲ್ಲಿ ಹಿಡಿದು ನಿಂತಿದೆ. 1877ರಲ್ಲಿ ಇಲ್ಲಿ ಹುಟ್ಟಿದ ಈ ಲೇಖಕನ ತಾಯಿ ಮಾರಿ ಹುಟ್ಟಿದ್ದು 1842ರಲ್ಲಿ, ತಲಶ್ಶೇರಿಯಲ್ಲಿ. ಆಕೆಯ ತಂದೆ, ಮಲಯಾಳ ನಿಘಂಟಿನ ಹರ್ಮನ್ ಗುಂಡರ್ಟ್, ಬಾಸೆಲ್ ಮಿಶನ್ನಿನವರು. ಹೆಸ್ಸೆಯ ತಂದೆ ಯೋಹಾನೆಸ್ ಕೂಡ 1869ರಿಂದ 1873ರವರೆಗೆ ನಮ್ಮ ಕರಾವಳಿಯಲ್ಲಿ ಮಿಶನರಿಯಾಗಿದ್ದವರು.

ಮಾರಿಯ ಕಥೆ ಶಿಕ್ಷಕಿಗೆ ಬೇಕಾಗಿದ್ದದ್ದು ಒಂದು ಕಾರಣಕ್ಕೆ. ಇನ್ನೂ ನಾಲ್ಕೈದು ವರ್ಷದ ಮಗುವಾಗಿದ್ದಾಗ ಆಕೆಯನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಕರಾವಳಿಗೆ ಮರಳಿದ್ದರು. ಆಕೆ ಮತ್ತೆ ಇಂಡಿಯಕ್ಕೆ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಮಿಶನರಿಗಳ ಮಕ್ಕಳಿಗೆ ಇದು ಸಾಮಾನ್ಯ ಪಾಡು. ಅಂಥವರಿಗಾಗಿ ಬಾಸೆಲ್ಲಿನಲ್ಲಿ 1853ರಿಂದ ಮಕ್ಕಳ ಮನೆಯೇ ಇತ್ತು. ಅಪ್ಪ ಅಮ್ಮ ಇದ್ದೂ ಪತ್ರಗಳ ಮೂಲಕವೇ ಅವರನ್ನು ಬಲ್ಲ ಮಕ್ಕಳು. ಮಾರಿ ದಿನಚರಿ ಬರೆದರು, ಪತ್ರ ಬರೆದರು, ಮನೆಯವರು ಕಾಪಾಡಿದರು, ಕೊನೆಗೆ ಅವು ಪುಸ್ತಕವೂ ಆದವು. ಗುಂಡರ್ಟರ ಹಸ್ತಪ್ರತಿಗಳು ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ, ಈಗ ಅಂತರ್ಜಾಲದಲ್ಲೂ ಇವೆ. ಮೊಮ್ಮಗ ಹೆಸ್ಸೆ 1911ರಲ್ಲಿ ಹಿರಿಯರ ಇಂಡಿಯ ನೋಡಲು ಹಡಗು ಹತ್ತಿ ಸಿಲೋನ್, ಸಿಂಗಪುರ, ಸುಮಾತ್ರಾ ಸುತ್ತಿದರೂ, ತಾಯಿ ಹುಟ್ಟಿದ ತೀರವನ್ನು ಮುಟ್ಟದೆ ಹಿಂದಿರುಗಿದ.

ಅನಾಥಾಲಯದಲ್ಲಿ ಬೆಳೆದ ಘಟ್ಟದ ಮೇಲಿನ ಮಗುವಿಗೂ ಗುಂಡರ್ಟರ ಮನೆಯ ಮಗುವಿಗೂ ಅಗಲಿಕೆಯ ನೋವು ಒಂದೇ ಇರಬೇಕು. ಒಬ್ಬಳ ನೋವಿಗೆ ಪುಟಗಟ್ಟಲೆ ದಾಖಲೆ ಇದೆ, ಇನ್ನೊಬ್ಬಳದು ಬರಿದು. ಕಾಲ್ವಿನ ಸೇತುವೆಯ ಮೇಲೆ ನಿಂತಾಗ ಶಿಕ್ಷಕಿಗೆ ಹೊಟ್ಟೆಕಿಚ್ಚೇ ಆಯಿತು, ಅದನ್ನು ಅವರು ಮುಚ್ಚಿಡಲಿಲ್ಲ. ಜರ್ಮನಿಯವರು ತಮ್ಮ ಹಿರಿಯರನ್ನು ಹುಡುಕುವುದು ಎಷ್ಟು ಸಲೀಸು! ವ್ಯೂರ್ಟೆಂಬರ್ಗಿನ ಪ್ರತಿ ಪ್ಯಾರಿಷಿನಲ್ಲಿ 1808ರಿಂದ ಕುಟುಂಬದ ರಿಜಿಸ್ಟರ್ ಇಡಬೇಕೆಂಬ ಕಟ್ಟಳೆ ಇತ್ತು. ತಂದೆ, ತಾಯಿ, ಮಕ್ಕಳು ಒಂದೇ ಪುಟದಲ್ಲಿ. 2015ರಿಂದ ಪ್ರೊಟೆಸ್ಟೆಂಟ್ ಸಭೆಗಳ ಹಳೆಯ ಪುಸ್ತಕಗಳನ್ನು ಆರ್ಕಿಯೋನ್ ಎಂಬ ತಾಣದಲ್ಲಿ ಹಣ ಕಟ್ಟಿ ಓದಬಹುದು. ಅಲ್ಲಿಂದ ಮಂಗಳೂರಿಗೆ ಬರುವ ಮಿಶನರಿಗಳ ವಂಶಜರು ಅಜ್ಜನ ಹುಟ್ಟಿದ ದಿನವನ್ನು ಬಾಯಿಪಾಠ ಮಾಡಿಕೊಂಡೇ ಬಂದು, ಅವನು ದುಡಿದ ನೆಲವನ್ನಷ್ಟೇ ನೋಡಿಹೋಗುತ್ತಾರೆ.

ಊರಿಗೆ ಮರಳಿದ ಮೇಲೆ ದಾರಿ ಮಂಗಳೂರಿನ ಬಲ್ಮಠಕ್ಕೆ. 1965ರಿಂದ ಅಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಮಿಶನ್ ಕಾಲದ ಅಚ್ಚಿನ ಪುಸ್ತಕಗಳು, ಕಾಗದಗಳು ಉಳಿದಿವೆ. ಇಲ್ಲಿಯ ಸರಣಿಯಲ್ಲಿ ಒಂದು ದೊಡ್ಡ ಸೀಳು ಕಾಣುತ್ತದೆ. 1914ರಲ್ಲಿ ಮೊದಲ ಮಹಾಯುದ್ಧ ಹತ್ತಿಕೊಂಡಾಗ ಜರ್ಮನ್ ಮಿಶನರಿಗಳು ಶತ್ರುದೇಶದವರಾದರು. ಹಲವರನ್ನು ಅಹ್ಮದ್‌ನಗರದ ಶಿಬಿರದಲ್ಲಿಟ್ಟರು, ಆಮೇಲೆ ಗೋಲ್ಕೊಂಡ ಎಂಬ ಹಡಗಿನಲ್ಲಿ ಕುಟುಂಬಗಳನ್ನು ಯುರೋಪಿಗೆ ಸಾಗಿಸಿದರು. ಹಂಚಿನ, ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಮುತ್ತಜ್ಜ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಅವರ ಒಂಬತ್ತು ಮಕ್ಕಳಲ್ಲಿ ಕೊನೆಯ ಮೂವರು ಹುಟ್ಟಿದ್ದು ಈ ಗೊಂದಲದ ವರ್ಷಗಳಲ್ಲಿ.

ಮುತ್ತಜ್ಜನ ಕಡೆಯ ಎಳೆ ಹಿಡಿದರೂ ಗಂಟು ಬೇರೆ ಕಡೆ ಬೀಳುತ್ತದೆ. ಮಂಗಳೂರಿನ ಮೊದಲ ತಲೆಮಾರಿನ ಪ್ರೊಟೆಸ್ಟೆಂಟರಲ್ಲಿ ದೊಡ್ಡ ಪಾಲು ಬಿಲ್ಲವರು. ಸಭೆ ಸೇರಿದವರು ಶೇಂದಿ ಇಳಿಸುವ ಮೂರ್ತೆಯ ಕಸುಬನ್ನು ಬಿಡಬೇಕಿತ್ತು. ಹೊಟ್ಟೆಪಾಡಿಗೆ ಮಿಶನ್ ಮಗ್ಗ ಹಾಕಿದ್ದು, ಹಂಚು ಸುಟ್ಟದ್ದು ಬಹುಮಟ್ಟಿಗೆ ಈ ಕಾರಣಕ್ಕೆ. ಆದರೆ ಬದಲಾದದ್ದು ಕಸುಬು ಒಂದೇ ಅಲ್ಲ. ತುಳುವರ ಅಳಿಯಸಂತಾನದಲ್ಲಿ ಮನೆತನದ ಬರಿ, ಅಂದರೆ ಕುಲ, ಬರುವುದು ತಾಯಿಯಿಂದ. ಸಭೆಯ ಪುಸ್ತಕ ಕೇಳುವುದು ತಂದೆಯ ಹೆಸರನ್ನು. ಹೀಗಾಗಿ ಕಾಗದ ಶುರುವಾಗುವ ಕಡೆಯಲ್ಲೇ ಹಳೆಯ ವಂಶದ ಲೆಕ್ಕ ಕಡಿದುಹೋಗುತ್ತದೆ. ತಂದೆಯ ಹೆಸರು ಹಿಡಿದು ಹಿಂದಕ್ಕೆ ಹೋದವರು ಇನ್ನೊಂದು ಕುಟುಂಬದ ಅಂಗಳದಲ್ಲಿ ನಿಂತಿರುತ್ತಾರೆ. ಅಲ್ಲಿಂದ ಮುಂದೆ ಹೇಳಬಲ್ಲವರು ಗುತ್ತು ಬರ್ಕೆಗಳೆಂಬ ಹಳೆಯ ಮನೆಗಳ ಹಿರಿಯರು, ಅದೂ ನೆನಪಿದ್ದರೆ.

ಜೆಪ್ಪುವಿನಲ್ಲಿ ಶಿಕ್ಷಕಿಯ ತಾಯಿಯ ತಂಗಿ ಇದ್ದಾರೆ, ತೊಂಬತ್ತರ ಹತ್ತಿರದವರು. ಬಾಸೆಲ್ಲಿನ ಚಿತ್ರದ ದೊಡ್ಡ ಪ್ರತಿಯನ್ನು ಅವರ ಮಡಿಲಿಗಿಟ್ಟು, “ಚಿಕ್ಕಮ್ಮ, ಇದರಲ್ಲಿ ನಿಮ್ಮ ಅಜ್ಜಿ ಇದ್ದಾರಾ ನೋಡಿ” ಎಂದರೆ ಅವರು ಕನ್ನಡಕ ಏರಿಸಿ ಒಂದೊಂದೇ ಮುಖದ ಮೇಲೆ ಬೆರಳಾಡಿಸಿದರು.

“ಹೇಗೆ ಹೇಳುವುದು ಮಗಾ? ನಾನು ನೋಡುವಾಗ ಅವರಿಗೆ ಹಲ್ಲೇ ಇರಲಿಲ್ಲ. ಇವರೆಲ್ಲ ಮಕ್ಕಳು.” ಸ್ವಲ್ಪ ಬಿಟ್ಟು, “ಆದರೆ ಅವರು ರೊಟ್ಟಿ ತಟ್ಟುವ ಸದ್ದು ನನಗೆ ಈಗಲೂ ನೆನಪುಂಟು” ಎಂದರು.

ಕುಚ್ಚಲಕ್ಕಿ ಗಂಜಿಯ ಮನೆಯಲ್ಲಿ ಜೋಳದ ರೊಟ್ಟಿ! ಬಯಲುಸೀಮೆಯಿಂದ ಯಾರಾದರೂ ಬರುವುದಾದರೆ ಹಿಟ್ಟು ತರಲು ಹೇಳಿಕಳಿಸುತ್ತಿದ್ದರಂತೆ. ಸಿಟ್ಟು ಬಂದಾಗ ಮಾತ್ರ ಮನೆಯವರಿಗೆ ಅರ್ಥವಾಗದ ಬಿರುಸು ಕನ್ನಡ ಹೊರಬೀಳುತ್ತಿತ್ತಂತೆ. “ಬೆಟಗೇರಿ, ಬೆಟಗೇರಿ ಅಂತ ಹೇಳುತ್ತಿದ್ದರು, ಅಲ್ಲಿ ಶಾಲೆಗೆ ಹೋದದ್ದು” ಎಂದು ಚಿಕ್ಕಮ್ಮ ಸೇರಿಸಿದರು. ಬಾಸೆಲ್ಲಿನ ಅಷ್ಟೂ ಪೆಟ್ಟಿಗೆಗಳು ಕೊಡದ ಸುಳಿವು ಅದು. ಮನೆಯ ಮುದುಕರನ್ನು ಕೇಳಬೇಕಾದದ್ದು ಪತ್ರಾಗಾರಕ್ಕೆ ಹೋಗುವ ಮೊದಲು. ಕಾಗದ ಇನ್ನೂ ನೂರು ವರ್ಷ ಕಾದೀತು, ಅವರು ಕಾಯಲಾರರು. ಏನು ತಿನ್ನುತ್ತಿದ್ದರು, ಹೇಗೆ ಬೈಯುತ್ತಿದ್ದರು, ಯಾವ ಊರಿನಿಂದ ಯಾರು ಬಂದರೆ ಮುಖ ಅರಳುತ್ತಿತ್ತು ಎಂದು ಕೇಳಿದರೆ, ಮರೆತ ಊರು ತಾನಾಗಿ ಬಾಯಿಗೆ ಬರುತ್ತದೆ.

ಗದಗಿಗೆ ಅಂಟಿಕೊಂಡೇ ಇರುವ ಬೆಟಗೇರಿ ನೇಕಾರರ ಊರು. 1841ರಲ್ಲಿ ಮಿಶನ್ ಇಲ್ಲಿ ಠಾಣೆ ಹೂಡಿತ್ತು. ಸಭೆ ಇಂದಿಗೂ ಇದೆ. ಶಿಕ್ಷಕಿ ಮುಂಚಿತವಾಗಿ ಪತ್ರ ಬರೆದು, ಭಾನುವಾರದ ಆರಾಧನೆ ಮುಗಿದ ಮೇಲೆ ಹಳೆಯ ಪುಸ್ತಕ ನೋಡಲು ಅನುಮತಿ ಪಡೆದಿದ್ದರು. ಹೊರಗೆ ಎಳೆಬಿಸಿಲು, ಮಗ್ಗದ ಸದ್ದು. ಒಳಗೆ ಗೆದ್ದಲು ಅಂಚು ತಿಂದ ಪುಟಗಳು. ಹುಡುಕುತ್ತಿದ್ದ ಹೆಸರು ಒಂದು ಸಲವಲ್ಲ, ಆ ಕೆಲವು ವರ್ಷಗಳಲ್ಲೇ ಹಲವು ಸಲ ಬಂತು. ಬೈಬಲ್ಲಿನಿಂದ ಆಯ್ದ ಹೆಣ್ಣುಹೆಸರುಗಳು ಕೈಬೆರಳೆಣಿಕೆಯವು, ಮಕ್ಕಳು ಬಹಳ. ಅದೇ ಹೆಸರಿನ ಹುಡುಗಿಯರಲ್ಲಿ ಒಬ್ಬಳ ಮುಂದೆ, ಬೇರೆ ಶಾಯಿಯಲ್ಲಿ, ಮಂಗಳೂರಿಗೆ ಮದುವೆಯಾಗಿ ಹೋದಳೆಂಬ ಟಿಪ್ಪಣಿ. ವರ್ಷ ಮನೆಯ ಬೈಬಲ್ಲಿನ ವರ್ಷಕ್ಕೆ ಸರಿಹೊಂದುತ್ತಿತ್ತು. ತಂದೆಯ ಹೆಸರಿನ ಮನೆ ಖಾಲಿ. ತಾಯಿಯದೂ ಖಾಲಿ.

ಖಾಲಿ ಬಿಟ್ಟವರ ಅಸಡ್ಡೆ ಅದಲ್ಲ. 1876ರಿಂದ 78ರವರೆಗೆ ದಖ್ಖನಿನ ಬಯಲಿನಲ್ಲಿ ಮಳೆ ಕೈಕೊಟ್ಟು ಬಿದ್ದ ಬರವನ್ನು ಮೈಸೂರು ಸೀಮೆಯವರು ಧಾತು ಈಶ್ವರ ಸಂವತ್ಸರಗಳ ಹೆಸರಿನಿಂದಲೇ ನೆನೆಯುತ್ತಾರೆ. ಆ ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿದ್ದದ್ದು 1881ರಲ್ಲಿ 42 ಲಕ್ಷಕ್ಕೆ ಕುಸಿದಿತ್ತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಕಲಾದಗಿ ಜಿಲ್ಲೆಗಳ ಪಾಡೂ ಇದೇ. ಅಪ್ಪ ಅವ್ವ ದಾರಿಯಲ್ಲೇ ಸತ್ತ ಮಕ್ಕಳು ಮಿಶನ್ನುಗಳ ಅನಾಥಾಲಯಗಳಿಗೆ ಬಂದು ಬಿದ್ದರು. ನಾಲ್ಕೈದು ವರ್ಷದ ಮಗುವಿಗೆ ಗೊತ್ತಿರುವುದು ‘ಅವ್ವ’ ಎಂಬುದಷ್ಟೇ. ಅವ್ವನಿಗೊಂದು ಹೆಸರಿದೆ ಎಂದು ಅದಕ್ಕೆ ತಿಳಿಯುವ ಮೊದಲೇ ಅವ್ವ ಇಲ್ಲವಾಗಿದ್ದಳು.

ಈ ಸೀಮೆಯಲ್ಲಿ ವಂಶ ಬರೆದಿಡಲೆಂದೇ ಒಂದು ಸಮುದಾಯವಿದೆ. ಹೆಳವರು ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಊರೂರಿಗೆ ಬಂದು, ಒಕ್ಕಲುಮನೆಗಳ ಮುಂದೆ ನಿಂತು ಆ ಮನೆತನದ ತಲೆಮಾರುಗಳನ್ನು ಒಪ್ಪಿಸಿ, ಹೊಸದಾಗಿ ಹುಟ್ಟಿದವರ ಹೆಸರು ದಾಖಲಿಸಿ, ಕಾಳುಕಡಿ ಪಡೆದು ಹೋಗುತ್ತಾರೆ. ಮುತ್ತಜ್ಜಿಯ ಅಪ್ಪನ ಮನೆಗೂ ಒಬ್ಬ ಹೆಳವ ಬರುತ್ತಿದ್ದನೋ ಏನೋ. ಬರ ಕಳೆದು ಅವನು ಬಂದಾಗ ಆ ಮನೆಯ ಬಾಗಿಲು ತೆರೆಯುವವರು ಇದ್ದರೋ ಇಲ್ಲವೋ. ಎಲ್ಲೋ ಒಂದು ಕಟ್ಟಿನಲ್ಲಿ ಮಕ್ಕಳ ಹೆಸರಿನವರೆಗೂ ಬಂದು ನಿಂತುಹೋದ ಸಾಲೊಂದು ಇರಲೂಬಹುದು. ಕ್ರೈಸ್ತ ಹೆಸರಿನ ಹುಡುಗಿಯನ್ನು ಆ ಸಾಲಿಗೆ ಜೋಡಿಸುವ ಕಾಗದ ಮಾತ್ರ ಸಿಗುವಂತಿಲ್ಲ. ಶಿಕ್ಷಕಿ ಇಲ್ಲಿಗೆ ಹುಡುಕಾಟ ನಿಲ್ಲಿಸಿದರು. ಬಲ್ಲಷ್ಟನ್ನು ಬಲ್ಲೆವು ಎಂದು ಬರೆದಿಟ್ಟು, ಊಹೆಯನ್ನು ಊಹೆ ಎಂದೇ ಬರೆದಿಟ್ಟರು.

ಹೊರಡುವ ಮುನ್ನ, ಸಭಾಪಾಲಕರ ಒಪ್ಪಿಗೆ ಪಡೆದು, ಜೊತೆಗೆ ಬಂದಿದ್ದ ತಂಗಿಯ ಮಗನೊಂದಿಗೆ ಕಿಟಕಿಯ ಬೆಳಕಿನಲ್ಲಿ ಆ ಪುಸ್ತಕದ ಎಲ್ಲ ಪುಟಗಳ ಚಿತ್ರ ತೆಗೆದರು, ತಮಗೆ ಬೇಕಾದ ಪುಟದ್ದು ಮಾತ್ರವಲ್ಲ. ಒಂದು ಪ್ರತಿ ಸಭೆಗೆ, ಇನ್ನೊಂದು ಬಲ್ಮಠಕ್ಕೆ. ಬಾಸೆಲ್ಲಿಗೂ ಒಂದು ಪತ್ರ ಹೋಗಿದೆ, ಮನೆಯಲ್ಲಿದ್ದ ಮುದುಕಿಯ ಫೋಟೋದ ಪ್ರತಿಯೊಂದಿಗೆ. ಅದರ ಹಿಂಬದಿಯಲ್ಲಿ ಮೆತ್ತನೆಯ ಸೀಸದ ಕಡ್ಡಿಯಿಂದ ಹೆಸರು, ಬೆಟಗೇರಿ, ಜೆಪ್ಪು, ಮದುವೆಯ ವರ್ಷ, ತೀರಿಕೊಂಡ ವರ್ಷ. ಗುಂಪಿನ ಚಿತ್ರದ ಸಂಖ್ಯೆ ಬರೆದು, ಹಿಂದಿನ ಸಾಲಿನಲ್ಲಿ ಎಡದಿಂದ ನಾಲ್ಕನೆಯವಳು ಇವರೇ ಇರಬಹುದು, ಖಚಿತವಿಲ್ಲ ಎಂದೂ ಸೇರಿಸಿದ್ದಾರೆ. ಕಳಿಸುವ ಮೊದಲು ಒಕ್ಕಣೆಯನ್ನು ಓದಿ ಹೇಳಿದಾಗ ಚಿಕ್ಕಮ್ಮ ಒಂದು ತಿದ್ದುಪಡಿ ಸೂಚಿಸಿದರು. “ಅನಾಥೆ ಅಂತ ಬರೆಯಬೇಡ ಮಗಾ. ಒಂಬತ್ತು ಮಕ್ಕಳನ್ನು ಹೆತ್ತು ಸಾಕಿದವರು ಅಂತ ಬರೆ.” ಹಾಗೆಯೇ ಬರೆದು ಅಂಚೆಗೆ ಹಾಕಿದರು.